ಒರೆಸಿದ ನೀರು

ಸೋಪಿನ ನೀರಿನಿಂದ ಹನ್ನೆರಡನೆಯ ಗಾಜಿನ ಜಾಡಿಯನ್ನು ಎತ್ತಿ, ತಳದ ಮೂಲೆಗೆ ಬ್ರಷ್ ಹಾಕಿ ತಿರುಗಿಸುತ್ತಿದ್ದಾಗ ಅವಳಿಗೆ ನಿನ್ನೆ ಫೋನಿನಲ್ಲಿ ಅಕ್ಕ ಬೈದದ್ದು ಮತ್ತೆ ಕೇಳಿಸಿತು. "ಇನ್ನೂ ಗಾಜೇ ತೊಳೀತಿದೀಯೇನೇ? ಅಷ್ಟು ಒದ್ದಾಡಿ ರಾತ್ರಿ ಶಾಲೆಗೆ ಹೋಗಿ ಓದಿದ್ದು ಇದಕ್ಕಾ?" ವಾರಕ್ಕೊಂದು ಸಲ ಅಕ್ಕನ ಫೋನು, ಫೋನಿಗೊಂದು ಸಲ ಈ ಪ್ರಶ್ನೆ. ಅವಳು ಪ್ರತಿ ಸಲವೂ "ಹೂಂ ಅಕ್ಕ, ಏನ್ಮಾಡೋದು" ಎಂದು ನಕ್ಕುಬಿಡುತ್ತಿದ್ದಳು. ಜಾಡಿಯ ತಳದಲ್ಲಿ ಬಣ್ಣ ಕಚ್ಚಿಕೊಂಡು ನೇರಳೆಯ ಉಂಗುರವಾಗಿತ್ತು. ಅದು ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ, ಹೋಗುವುದಿಲ್ಲವೆಂದು ತಿಕ್ಕದೆ ಬಿಡುವ ಹಾಗೂ ಇಲ್ಲ. ಆಸ್ಪತ್ರೆಯ ಈ ಹಿಂದಿನ ಕೋಣೆಗೆ ಅವಳು ಬಂದು ಇಪ್ಪತ್ತೇಳು ವರ್ಷವಾಗಿತ್ತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟು, ಗಡ್ಡೆ, ಚೂರುಪಾರುಗಳು ಇಲ್ಲಿಗೆ ಬರುತ್ತವೆ; ಅವನ್ನು ಮೇಣದಲ್ಲಿ ಹೂತು, ಬೆಂಕಿಪೊಟ್ಟಣದ ಅರ್ಧದಷ್ಟು ದೊಡ್ಡ ಬ್ಲಾಕ್ ಮಾಡಿ, ಆ ಬ್ಲಾಕನ್ನು ಯಂತ್ರದಲ್ಲಿ ಕೂದಲಿಗಿಂತ ತೆಳ್ಳಗೆ ಕೊಯ್ದು, ಕೊಯ್ದ ಪಟ್ಟಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು, ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಂಡು ಬಣ್ಣ ಹಾಕಿದರೆ ಡಾಕ್ಟರು ನೋಡಿ ಒಬ್ಬರ ಹಣೆಬರಹ ಹೇಳುತ್ತಾರೆ. ಹದಿಮೂರು ವರ್ಷ ಆ ಯಂತ್ರದ ಮುಂದೆ ಕೂತು ಕೊಯ್ದವಳು ಅವಳೇ. ಆಮೇಲಿನ ಹದಿನಾಲ್ಕು ವರ್ಷ ಈ ಸಿಂಕಿನ ಮುಂದೆ ನಿಂತು ತೊಳೆದವಳೂ ಅವಳೇ. ಯಾಕೆ ಅಂತ ಅಕ್ಕನಿಗೆ ಗೊತ್ತಿಲ್ಲ. ಆ 'ಯಾಕೆ' ತಾನೇ ಎಂಬುದೂ ಅಕ್ಕನಿಗೆ ಗೊತ್ತಿಲ್ಲ.

"ತೇಲಮ್ಮಾ! ನಿಮ್ಮನ್ನ ಕರೀತಿದಾರೆ, ಬೇಗ ಬನ್ನಿ!" ಎಂದು ಬಾಗಿಲಲ್ಲಿ ನಿಂತು ಕೂಗಿದವನು ತಂತ್ರಜ್ಞ. ಪಕ್ಕದಲ್ಲಿರುವವರಿಗೂ ಮೂರು ಕೋಣೆಯಾಚೆ ಇರುವವರಿಗೂ ಒಂದೇ ದನಿಯಲ್ಲಿ ಹೇಳುವ ಗಂಟಲು ಅವನದು, ಹಾಗಾಗಿ ಎಲ್ಲರ ಬಾಯಲ್ಲಿ ಅವನು ಮೈಕು. ತೇಲಮ್ಮ ಎಂಬ ಹೆಸರಿಟ್ಟವನೂ ಅವನೇ. ಹದಿನಾಲ್ಕು ವರ್ಷದ ಕೆಳಗೆ ಅದನ್ನು ಕೇಳಿದಾಗಲೆಲ್ಲ ಕಿವಿಯ ತುದಿ ಕಾಯುತ್ತಿತ್ತು. ಈಗ ಹೊಸಬರು ಅದೇ ನಿಜವಾದ ಹೆಸರೆಂದುಕೊಂಡಿದ್ದಾರೆ. ಮೂರು ತಿಂಗಳ ಹಿಂದೆ ಬಂದ ಸಣ್ಣ ಡಾಕ್ಟರಂತೂ ಮೊದಲ ದಿನವೇ ಕೈಮುಗಿದು "ನಮಸ್ಕಾರ ತೇಲಮ್ಮನವರೇ" ಅಂದಿದ್ದಳು. ಮೈಕು ಗೋಡೆಗೆ ತಿರುಗಿ ಕೆಮ್ಮಿದ್ದ. ತಿದ್ದಬೇಕೆಂದು ಬಾಯಿ ತೆರೆದವಳು, ತಿದ್ದಿದರೆ ಕಥೆ ಹೇಳಬೇಕಾಗುತ್ತದಲ್ಲ ಎಂದು ಮುಚ್ಚಿಕೊಂಡಿದ್ದಳು. ಒಂದು ಸಲ ಮುಚ್ಚಿದ ಬಾಯಿಗೆ ಅಭ್ಯಾಸವಾಗಿಬಿಡುತ್ತದೆ. ಆಮೇಲೆ ಅದು ಊಟಕ್ಕೂ 'ಹೂಂ' ಅನ್ನುವುದಕ್ಕೂ ಮಾತ್ರ ತೆರೆಯುತ್ತದೆ.

ಕೈ ಒರೆಸಿಕೊಂಡು ಹೋದರೆ, ಕೊಯ್ಯುವ ಯಂತ್ರದ ಮುಂದೆ ಸಣ್ಣ ಡಾಕ್ಟರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಮೇಜಿನ ಮೇಲೆ ಹಳೆಯ ಬ್ಲಾಕುಗಳ ತಟ್ಟೆಗಳು. ಪಕ್ಕದಲ್ಲಿ ನಾಲ್ಕು ಬ್ಲಾಕು ಮುರುಕು ರಸ್ಕಿನ ಹಾಗೆ ಪುಡಿಯಾಗಿ ಬಿದ್ದಿದ್ದವು. ಎಂದೋ ಎದೆಯಲ್ಲಿ ಗಂಟಾಗಿ, ತೆಗೆಸಿಕೊಂಡು, 'ಏನೂ ದೋಷವಿಲ್ಲ' ಎನಿಸಿಕೊಂಡು ಮನೆಗೆ ಹೋದ ಇನ್ನೂರ ಹತ್ತು ಹೆಂಗಸರ ಬ್ಲಾಕುಗಳಂತೆ. ಅವನ್ನೆಲ್ಲ ಹೊಸದಾಗಿ ಕೊಯ್ದು ಹೊಸ ಬಗೆಯ ಬಣ್ಣ ಹಾಕಿ ನೋಡಬೇಕಂತೆ.

"ಆಗ ಸುಮ್ಮನೆ ಬಿಟ್ಟ ಸಣ್ಣಸಣ್ಣ ಬದಲಾವಣೆ ಇರ್ತಾವಲ್ಲ, ಅದರಲ್ಲಿ ಯಾವುದು ಮುಂದೆ ಕ್ಯಾನ್ಸರ್ ಆಗೋ ಗುರುತು, ಯಾವುದು ಅಲ್ಲ, ಅದನ್ನ ಹುಡುಕ್ತಿದೀನಿ," ಎಂದಳು ಸಣ್ಣ ಡಾಕ್ಟರು. "ಆದರೆ ಮೇಣ ಒಣಗಿಹೋಗಿದೆ. ಕೊಯ್ಯೋ ನಮ್ಮ ಹುಡುಗಿ ಹೆರಿಗೆ ರಜೆ. ಇವರು ಕೊಯ್ದರೆ ಹೀಗೆ."

"ನಂದೇನು ತಪ್ಪು? ಮೇಣವಾ ಅದು, ಸುಣ್ಣ!" ಮೈಕು ಎರಡೂ ಕೈ ಎತ್ತಿದ. ಮತ್ತೆ ಅವನ ಮಟ್ಟಿಗೆ ಮೆಲ್ಲಗೆ, ಅಂದರೆ ಕೋಣೆಗಷ್ಟೇ ಕೇಳುವ ಹಾಗೆ, "ಇವರಿಗೆ ಬರುತ್ತೆ ಡಾಕ್ಟರೇ. ಆ ಕಾಲದಲ್ಲಿ ಇವರ ಕೈಯಿ ಅಂದ್ರೆ ಕೈಯಿ. ಹೇಳೋದನ್ನ ಹೇಳಬೇಕು," ಅಂದ.

ಅವಳು ಕೂತಳು. ಕುರ್ಚಿ ಬೇರೆ, ಯಂತ್ರದ ಬಣ್ಣ ಬೇರೆ. ಆದರೆ ಹಿಡಿಯನ್ನು ಹಿಡಿದ ಕೂಡಲೇ ಭುಜದಲ್ಲಿ ಎಲ್ಲೋ ಮಡಚಿಟ್ಟಿದ್ದದ್ದು ಬಿಚ್ಚಿಕೊಂಡಿತು. ಒಣಗಿದ ಬ್ಲಾಕನ್ನು ಮೊದಲು ಮುಖ ಕೆಳಗಾಗಿ ಒದ್ದೆ ಮಂಜುಗಡ್ಡೆಯ ಮೇಲೆ ಮಲಗಿಸಬೇಕು, ಅದು ನೀರು ಕುಡಿಯಬೇಕು. ಆಮೇಲೆ ಯಂತ್ರಕ್ಕೆ ಸಿಕ್ಕಿಸಿ, ಅಲಗಿಗೆ ತಾಗುವ ಮುಂಚೆ ಬಾಯಿ ಹತ್ತಿರ ತಂದು ಒಮ್ಮೆ 'ಹಾ' ಎಂದು ಉಸಿರು ಬಿಡಬೇಕು. ಕನ್ನಡಕ ಒರೆಸುವಾಗ ಬಿಡುವ ಉಸಿರಷ್ಟು, ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದನ್ನು ಯಾವ ಪುಸ್ತಕವೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಅವಳು ಹಿಡಿ ತಿರುಗಿಸಿದಳು. ಒಂದು, ಎರಡು, ಮೂರು ಚೂರು ಪುಡಿ, ನಾಲ್ಕನೆಯದು ಸುರುಳಿ, ಐದನೆಯದರಿಂದ ಪಟ್ಟಿ ಒಂದಕ್ಕೊಂದು ಅಂಟಿಕೊಂಡು ಬಿಳಿಯ ಲಾಡಿಯ ಹಾಗೆ ಇಳಿಯತೊಡಗಿತು. "ಅಯ್ಯೋ ನೋಡ್ರೀ!" ಎಂದು ಸಣ್ಣ ಡಾಕ್ಟರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಪಟ್ಟಿಯನ್ನು ತೊಟ್ಟಿಯ ನೀರಿನ ಮೇಲೆ ಹಾಸಿದಾಗ ಅದು ಬಿಸಿಗೆ ಸುಕ್ಕು ಬಿಟ್ಟು ಹರಡಿಕೊಂಡಿತು. ಅವಳು ಸ್ಲೈಡನ್ನು ಓರೆಯಾಗಿ ಮುಳುಗಿಸಿ ಎತ್ತಿದಳು. ಎತ್ತಿದ ಮೇಲೆ ಕೈ ತಾನಾಗಿಯೇ ಕಾಗದದ ತುಂಡು ತೆಗೆದು ನೀರಿನ ಮೈಯನ್ನು ಈ ದಂಡೆಯಿಂದ ಆ ದಂಡೆಗೆ ಒರೆಸಿತು. ಹಿಂದಿನವರ ಒಂದು ಚೂರು ನೀರಲ್ಲಿ ಉಳಿದರೆ ಮುಂದಿನವರ ಸ್ಲೈಡಿಗೆ ಹತ್ತಿಕೊಳ್ಳುತ್ತದೆ, ಒಬ್ಬರ ರೋಗ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಆಗ ತಲೆ ಎತ್ತಿದರೆ, ಎದುರಿನ ಗೋಡೆಯ ಮೇಲೆ ಹಳದಿಯಾದ ಚೀಟಿ: ಪ್ರತಿ ಬ್ಲಾಕ್ ಆದ ಮೇಲೆ ತಪ್ಪದೆ ನೀರು ಒರೆಸತಕ್ಕದ್ದು. ಅವಳಿಗೋಸ್ಕರವೇ ಅಂಟಿಸಿದ ಚೀಟಿ ಅದು. ಅಂಟಿಸಿದ ವಾರವೇ ಅವಳನ್ನು ಸಿಂಕಿಗೆ ಕಳಿಸಿದ್ದರು.

ಹದಿನಾಲ್ಕು ವರ್ಷದ ಹಿಂದೆ ಅವತ್ತು, ಆಗ ಇಲ್ಲಿಯ ಮುಖ್ಯಸ್ಥರಾಗಿದ್ದ ದೊಡ್ಡ ಡಾಕ್ಟರು ಬಾಗಿಲು ಹಾಕಿಕೊಳ್ಳದೆಯೇ ಕೇಳಿದ್ದರು, "ನೀರು ಒರೆಸಿದ್ದೆಯಾ?" ಅಂತ. ಅವರ ಕಣ್ಣು ಸೂಕ್ಷ್ಮದರ್ಶಕದಿಂದ ಮೇಲೆದ್ದಿರಲಿಲ್ಲ, ಬೆರಳು ಮಾತ್ರ ಗಾಳಿಯಲ್ಲಿ ಅವಳನ್ನು ಕರೆದಿತ್ತು. ಸ್ಲೈಡು ಅಕ್ಕನದು. ಅಕ್ಕನ ಎದೆಯಿಂದ ತೆಗೆದ ಗಂಟು, ಹುಣಸೆ ಬೀಜದಷ್ಟು. ತಾನು ಕೆಲಸ ಮಾಡುವ ಆಸ್ಪತ್ರೆ ಎಂದು ತಾನೇ ಕೈಹಿಡಿದು ಕರೆದುಕೊಂಡು ಬಂದಿದ್ದಳು, ತಾನೇ ಕೊಯ್ದಿದ್ದಳು. ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. "ಗಂಟು ಸಾಧು, ಕ್ಯಾನ್ಸರಲ್ಲ," ಎಂದರು ದೊಡ್ಡ ಡಾಕ್ಟರು. "ಆದರೆ ಮೂಲೆಯಲ್ಲಿ ಇದೇನಿದು? ಹಾಲಿನ ನಾಳದೊಳಗೆ ಜೀವಕೋಶ ಸಂತೆ ನೆರೆದ ಹಾಗಿದೆ. ಇದು ಈ ಹೆಂಗಸಿಂದಲ್ಲ. ನಿನ್ನ ಹಿಂದಿನ ಬ್ಲಾಕು ಕ್ಯಾನ್ಸರಿಂದು, ಅದರ ಚೂರು ತೇಲಿ ಬಂದಿದೆ. ನೀರು ಒರೆಸಿದ್ದೆಯಾ ಇಲ್ಲವಾ, ಹೇಳು." ಒರೆಸಿದ್ದಳು. ಎರಡು ಸಲ ಒರೆಸಿದ್ದಳು, ಅಕ್ಕನದೆಂದು. ಆದರೆ ಒರೆಸಿದ್ದೇನೆ ಎಂದರೆ ಆ ಸಂತೆ ಅಕ್ಕನದಾಗುತ್ತದೆ. ಹೊರಗೆ ಬೆಂಚಿನ ಮೇಲೆ ಅಕ್ಕ ಚೀಲ ತೊಡೆಯ ಮೇಲಿಟ್ಟು ಕೂತಿದ್ದಳು, ಹೊಲಿಯುವುದಕ್ಕೆ ಬಿದ್ದಿರುವ ಮೂವತ್ತು ಜೊತೆ ಶಾಲೆಯ ಸಮವಸ್ತ್ರದ ಚಿಂತೆಯಲ್ಲಿ. "ಇಲ್ಲ ಸರ್. ಮರೆತೆ," ಅಂದಳು. ಎಷ್ಟು ಸುಲಭವಾಗಿ ಬಂತು ಅದು, ಒಂದು ಉಸಿರಿನಷ್ಟು! ದೊಡ್ಡ ಡಾಕ್ಟರು ಇನ್ನೊಮ್ಮೆ ಕೊಯ್ದು ತಾ ಅನ್ನಲಿಲ್ಲ. ಅಂದಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಅವರು ಮೂಲೆಯ ಸುತ್ತ ಶಾಯಿಯಲ್ಲಿ ಒಂದು ಸುತ್ತು ಹಾಕಿ, "ಇದು ಲೆಕ್ಕಕ್ಕಿಲ್ಲ" ಎಂದು ರಿಪೋರ್ಟಿನಲ್ಲಿ ದೋಷವಿಲ್ಲವೆಂದು ಬರೆದು, ಅವಳ ಕಡೆ ತಿರುಗಿ, ಹದಿಮೂರು ವರ್ಷದಲ್ಲಿ ಆಡದ ಮಾತನ್ನೆಲ್ಲ ಆಡಿದರು. ಬಾಗಿಲು ತೆರೆದೇ ಇತ್ತು. "ಇನ್ನೊಬ್ಬರ ಕ್ಯಾನ್ಸರನ್ನ ತೇಲಿಬಿಟ್ಟಳು ಮಹಾತಾಯಿ!" ಎಂದು ಮೈಕು ಸಂಜೆಯೊಳಗೆ ಹೆಸರು ಸಿದ್ಧ ಮಾಡಿದ್ದ. ಬೈಸಿಕೊಳ್ಳುವಾಗ ಅವಳಿಗೆ ಒಳಗೊಳಗೇ ಎಂಥದೋ ಸುಖವಾಗಿತ್ತು. ಬೈಗುಳ ಜೋರಾದಷ್ಟೂ ಅಕ್ಕನ ಎದೆ ಹಗುರಾಗುತ್ತಿದೆ ಎನ್ನುವ ಹಾಗೆ.

ಪುಡಿಯಾದ ನಾಲ್ಕೂ ಸೇರಿ ಏಳನೆಯ ಬ್ಲಾಕು ಕೈಗೆ ಬಂದಾಗ ಅವಳು ಸಂಖ್ಯೆ ನೋಡಿದಳು. ನೋಡಬೇಕಾದ್ದೇ ಇರಲಿಲ್ಲ, ಬ್ಲಾಕಿನ ಎಡಮೂಲೆ ಸ್ವಲ್ಪ ಚಪ್ಪಟೆ, ಮೇಣ ಹೊಯ್ಯುವಾಗ ಅವತ್ತು ಅವಳು ಅಚ್ಚನ್ನು ಓರೆ ಹಿಡಿದಿದ್ದಳು. ಈ ಇನ್ನೂರ ಹತ್ತರಲ್ಲಿ ಅಕ್ಕ ಇರಬಹುದು ಎಂದು ಸಣ್ಣ ಡಾಕ್ಟರು ಮಾತು ತೆಗೆದಾಗಲೇ ಅವಳಿಗೆ ತಿಳಿದಿತ್ತು. ತಿಳಿದೂ ಬಂದು ಕೂತಿದ್ದಳು. ಈಗ ಬ್ಲಾಕು ಅಂಗೈಯಲ್ಲಿತ್ತು, ತಣ್ಣಗೆ, ಸೋಪಿನ ಚೂರಿನ ಹಾಗೆ. ಉಸಿರು ಬಿಡದೆ ಒಂದೇ ಸಲ ಜೋರಾಗಿ ಹಿಡಿ ತಿರುಗಿಸಿದರೆ ಸಾಕಿತ್ತು. ಮೈಕು ನಾಲ್ಕನ್ನು ಪುಡಿ ಮಾಡಿದ್ದಾನೆ, ಐದನೆಯದನ್ನು ಯಾರು ಕೇಳುತ್ತಾರೆ? ಇನ್ನು ಐದು ತಿಂಗಳಿಗೆ ನಿವೃತ್ತಿ. ಅಕ್ಕ ಗುಂಡುಕಲ್ಲಿನ ಹಾಗಿದ್ದಾಳೆ, ನಿನ್ನೆ ತಾನೆ ಬೈದಿದ್ದಾಳೆ. ಏನೂ ಆಗಿಲ್ಲ ಎಂದರೆ ಏನೂ ಆಗಿಲ್ಲ. ಆದರೆ ಅದೇ ಅಕ್ಕ ಆ ರಿಪೋರ್ಟನ್ನು ಬೀರುವಿನಲ್ಲಿ ಮಗಳ ಪದವಿಪತ್ರದ ಜೊತೆ ಇಟ್ಟುಕೊಂಡಿದ್ದಾಳೆ, ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಮಾಡಿಸಿಕೋ ಅಂದಾಗಲೆಲ್ಲ, "ನಿಮ್ಮ ಆಸ್ಪತ್ರೇನೇ ಬರಕೊಟ್ಟಿದೆ, ದೋಷವಿಲ್ಲ ಅಂತ. ನಿಂಗೇನು ಡಾಕ್ಟರಿಗಿಂತ ಜಾಸ್ತಿ ಗೊತ್ತಾ?" ಎಂದು ಬಾಯಿ ಮುಚ್ಚಿಸುತ್ತಾಳೆ. ಹೌದು ಅಕ್ಕ, ಆ ಒಂದು ವಿಷಯ ಜಾಸ್ತಿ ಗೊತ್ತು, ಎಂದು ಹೇಳಲು ಹದಿನಾಲ್ಕು ವರ್ಷದಿಂದ ಆಗಿಲ್ಲ. ಅಥವಾ ಗೊತ್ತೇ ಇಲ್ಲವೋ? ಮರೆತೆ, ಮರೆತೆ ಎಂದು ಎಷ್ಟು ಜನರ ಮುಂದೆ ಒಪ್ಪಿಕೊಂಡಿದ್ದಳೆಂದರೆ, ಈಗ ಕಣ್ಣು ಮುಚ್ಚಿದರೆ ಒರೆಸದ ನೀರೇ ಕಾಣುತ್ತಿತ್ತು. ಒರೆಸಿದ ಕಾಗದ ಕಾಣುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದೆನೇನೋ, ದೊಡ್ಡ ಡಾಕ್ಟರು ಹೇಳಿದ್ದೇ ಸರಿಯೇನೋ. ಹಾಗಾದರೆ ಅಕ್ಕ ಪಾರಾದಳು, ಕೆಟ್ಟದ್ದು ನನ್ನ ಕೈ. ಮರೆತಿರದಿದ್ದರೆ ಕೈ ಪಾರಾಯಿತು, ಅಕ್ಕ?

ಎದ್ದು ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿದಳು. ಹೊಸ ನೀರು ತುಂಬಿ, ಬಿಸಿ ಏರುವವರೆಗೆ ಕಾದು, ಖಾಲಿ ನೀರನ್ನೇ ಒರೆಸಿದಳು. "ನೋಡ್ರೀ," ಎಂದು ಮೈಕನ್ನು ಕರೆದಳು. "ನೀರು ಒರೆಸಿದೀನಿ. ಸರಿಯಾಗಿ ನೋಡಿ."

"ನೋಡಿದೆ ತಾಯಿ. ಸಾಕ್ಷಿಗೆ ರುಜು ಹಾಕ್ಲಾ?"

"ಹಾಕಿ."

ಅವನು ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ. ಹತ್ತಿರ ಬಂದು ತೊಟ್ಟಿಯೊಳಗೆ ಬಗ್ಗಿ ನೋಡಿದ. "ಕನ್ನಡಿ ಹಾಗಿದೆ," ಎಂದು ತಗ್ಗಿದ ದನಿಯಲ್ಲಿ ಹೇಳಿ, ಕೆಲಸದ ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ನಿಜವಾಗಿಯೂ ರುಜು ಹಾಕಿದ. ಅವಳು ಅಕ್ಕನ ಬ್ಲಾಕಿನ ಮುಖಕ್ಕೆ ಬಾಯಿ ತಂದು ಉಸಿರು ಬಿಟ್ಟಳು. ಹಿಡಿ ತಿರುಗಿಸಿದಳು. ಪಟ್ಟಿ ಒಂದೂ ಹರಿಯದೆ ಇಳಿಯಿತು.

ಬಣ್ಣವಾಗಿ ಬರಲು ಮಧ್ಯಾಹ್ನದ ಊಟದ ಹೊತ್ತಾಗುತ್ತಿತ್ತು. ಡಬ್ಬಿ ಬಿಚ್ಚಿ ಕೂತವಳು ಮುಟ್ಟದೆ ಮುಚ್ಚಿಟ್ಟಳು. ಮಾತಿಗಿಂತ ಕಾಗದ ಸುಲಭವೆಂದು ಎಷ್ಟು ಸಲ ಬರೆಯಲು ಕೂತಿದ್ದಳು! ಫೋನಿನಲ್ಲಿ ಅಕ್ಕ ಮಧ್ಯೆ ಬಾಯಿ ಹಾಕುತ್ತಾಳೆ. ಕಾಗದದಲ್ಲಾದರೆ ಹಾಕಲಾಗುವುದಿಲ್ಲ. ಮೂವತ್ತನೆಯ ವಯಸ್ಸಿನಲ್ಲಿ ಅವಳನ್ನು ರಾತ್ರಿ ಶಾಲೆಗೆ ಅಟ್ಟಿದವಳು ಅಕ್ಕ. "ನಾನು ನಾಲ್ಕನೇ ಕ್ಲಾಸು, ನೀನು ಅದೂ ಇಲ್ಲ. ನಮ್ಮಿಬ್ಬರಲ್ಲಿ ಒಬ್ಬಳಾದ್ರೂ ಕಾಗದ ಬರೆಯೋ ಹಾಗಾಗಲಿ," ಅಂದಿದ್ದಳು. ಹಗಲೆಲ್ಲ ನೆಲ ಒರೆಸಿ ಸಂಜೆ ಬೆಂಚಿನ ಮೇಲೆ ಕೂತರೆ ಕಣ್ಣು ಎಳೆಯುತ್ತಿತ್ತು. ಮೇಷ್ಟರು ಡಸ್ಟರಿನಿಂದ ಮೇಜು ಕುಟ್ಟಿ ಕಾಗದ ಬರೆಯುವ ಕ್ರಮ ಹೇಳಿಕೊಟ್ಟಿದ್ದರು: ಮೇಲೆ ತಾರೀಖು, ಆಮೇಲೆ ಪೂಜ್ಯರಿಗೆ ನಮಸ್ಕಾರ, ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿರುತ್ತೇನೆ. ಕ್ರಮ ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಎಷ್ಟು ಸಲ ಬರೆದರೂ ಕಾಗದ ಆ ಸಾಲಿನವರೆಗೆ ಹೋಗಿ ನಿಂತುಬಿಡುತ್ತಿತ್ತು. ನೀನು ಕ್ಷೇಮವೆಂದು ನಂಬಿರುತ್ತೇನೆ ಎಂದು ಬರೆದ ಕೈಯಿಂದ ಮುಂದಿನ ಸಾಲು ಹೇಗೆ ಬರೆಯುವುದು? ಹರಿದು ಹಾಕುವುದು, ಮತ್ತೆ ಮುಂದಿನ ವರ್ಷ.

"ತೇಲಮ್ಮನವರೇ, ಸ್ವಲ್ಪ ಬರ್ತೀರಾ?" ಸಣ್ಣ ಡಾಕ್ಟರು ಬಾಗಿಲಲ್ಲಿದ್ದಳು. ಅವಳ ಕೋಣೆಯಲ್ಲಿದ್ದದ್ದು ಇಬ್ಬರು ಎದುರುಬದುರಾಗಿ ಕೂತು ನೋಡುವ ಸೂಕ್ಷ್ಮದರ್ಶಕ. "ಕೊಯ್ದವರಿಗೆ ತೋರಿಸಬೇಕು ಅನ್ನಿಸ್ತು. ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ? ಇದು ಏಳನೆಯದು. ಇದರಲ್ಲಿ ಒಂದು ವಿಚಿತ್ರ ಇದೆ." ಅವಳು ಕಣ್ಣಿಟ್ಟಳು. ಗುಲಾಬಿಯ ಬಯಲು, ಅದರಲ್ಲಿ ನೀಲಿ ಚುಕ್ಕೆಗಳ ಸಾಲು, ಹೊಲಿಗೆ ಹಾಕಿದ ಹಾಗೆ ಅಚ್ಚುಕಟ್ಟು. ಬಯಲು ಸರಿದು ಸರಿದು ಮೂಲೆಗೆ ಬಂತು. ಅಲ್ಲಿ ಒಂದು ನಾಳ, ಅದರೊಳಗೆ ನೀಲಿ ಚುಕ್ಕೆಗಳು ಸಾಲು ಬಿಟ್ಟು ಒಂದರ ಮೇಲೊಂದು ನೂಕುನುಗ್ಗಲಾಗಿ ತುಂಬಿಕೊಂಡಿದ್ದವು. "ಈಗ ಹಳೆಯ ಸ್ಲೈಡು ನೋಡಿ. ಕಪಾಟಿಂದ ತೆಗೆಸಿದೆ." ಶಾಯಿಯ ಸುತ್ತು ಮಂಜಿನ ಹಾಗೆ ಕಂಡಿತು, ಅದರ ಒಳಗೆ ಅದೇ ನಾಳ, ಅದೇ ಆಕಾರ, ಅದೇ ಸಂತೆ. "ಯಾರೋ ಇದನ್ನ ತೇಲಿ ಬಂದ ಚೂರು ಅಂತ ಬಿಟ್ಟಿದಾರೆ. ಆದರೆ ನೋಡಿ, ಸುತ್ತಲಿನ ಮಾಂಸಕ್ಕೆ ಅಂಟಿಕೊಂಡೇ ಇದೆ. ಹೊಸದಾಗಿ ಕೊಯ್ದರೂ ಅದೇ ಜಾಗದಲ್ಲಿದೆ. ಇದು ಎಲ್ಲಿಂದಲೋ ಬಂದದ್ದಲ್ಲ, ಇಲ್ಲೇ ಹುಟ್ಟಿದ್ದು."

ಮೊದಲು ಬಂದದ್ದು ಸಂತೋಷ. ಅವಳು ಮುಂದೆ ಎಷ್ಟೋ ಸಲ ಇದನ್ನು ನೆನೆದು ನಾಚಿದಳು, ಆದರೆ ಸುಳ್ಳು ಹೇಳಿ ಪ್ರಯೋಜನವಿಲ್ಲ. ಅಕ್ಕನ ಭಯ ಬರುವುದಕ್ಕೆ ಮುಂಚೆ, ಒಂದು ಕ್ಷಣ, ಬರಿಯ ಸಂತೋಷ ಬಂತು. ಒರೆಸಿದ್ದೆ! ಕಾಗದದ ತುಂಡು ಕಣ್ಣಮುಂದೆ ಬಂತು, ಒದ್ದೆಯಾಗಿ ಬೂದುಬಣ್ಣವಾದದ್ದು, ಎರಡು ಸಲ, ಈ ದಂಡೆಯಿಂದ ಆ ದಂಡೆಗೆ. ಹದಿನಾಲ್ಕು ವರ್ಷ ಒಬ್ಬರಾದ ಮೇಲೊಬ್ಬರು ಕಸಿದುಕೊಂಡ ಆ ಕೈ ತಿರುಗಿ ಬಂದು ಮೊಣಕೈಗೆ ಕೂಡಿಕೊಂಡಿತು. ಅದರ ಬೆನ್ನಿಗೇ ಭಯ ಬಂತು. ಎರಡೂ ಒಟ್ಟಿಗೇ ನಿಂತವು, ಯಾವುದೂ ಇನ್ನೊಂದಕ್ಕೆ ಜಾಗ ಬಿಡಲಿಲ್ಲ.

"ನಾನು ಒರೆಸಿದ್ದೆ," ಎಂದಳು.

"ಏನು?"

"ಅವತ್ತು ನೀರು ಒರೆಸಿದ್ದೆ. ಒರೆಸಿಲ್ಲ ಅಂತ ಸುಳ್ಳು ಹೇಳಿದೆ. ಇದು ನಮ್ಮಕ್ಕನ ಸ್ಲೈಡು." ಆಮೇಲೆ ತಡೆಯದೆ ಹೇಳಿಬಿಟ್ಟಳು. ಬೆಂಚು, ಚೀಲ, ತೆರೆದ ಬಾಗಿಲು, ಸಿಂಕು. ಹೇಳುತ್ತ ಹೋದ ಹಾಗೆ ದನಿ ತಗ್ಗುವ ಬದಲು ಏರಿತು. ಬಾಗಿಲ ಹತ್ತಿರ ಮೈಕು ತಟ್ಟೆ ಹಿಡಿದು ನಿಂತುಬಿಟ್ಟಿದ್ದ. ನಿಂತರೆ ನಿಲ್ಲಲಿ. ಅವತ್ತೂ ಬಾಗಿಲು ತೆರೆದೇ ಇತ್ತು.

ಸಣ್ಣ ಡಾಕ್ಟರು ಹಳೆಯ ಸ್ಲೈಡನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಕೇಳಿದ್ದು ಒಂದೇ: "ಅಕ್ಕ ಈಗ ಹೇಗಿದಾರೆ?"

"ನಿನ್ನೆ ನನ್ನ ಕಾಲು ಗಂಟೆ ಬೈದಳು."

"ಹಾಗಾದ್ರೆ ಉಸಿರು ಗಟ್ಟಿಯಾಗೇ ಇದೆ," ಎಂದಳು ಸಣ್ಣ ಡಾಕ್ಟರು. ಇಬ್ಬರಿಗೂ ನಗು ಬಂತು, ಅವಳಿಗೆ ನಗುವಿನ ಜೊತೆ ಕಣ್ಣೀರೂ. "ಕೇಳಿ ಅಮ್ಮ. ನೀವು ಸುಳ್ಳು ಹೇಳಿದ್ದು ತಪ್ಪು. ಅದನ್ನ ನಂಬಿ ಇನ್ನೊಂದು ಸಲ ಕೊಯ್ಸಿ ನೋಡದೆ ಬರೆದದ್ದು ಅದಕ್ಕಿಂತ ದೊಡ್ಡ ತಪ್ಪು. ಇರಲಿ. ಇದು ಕ್ಯಾನ್ಸರಲ್ಲ. ಇದು ಒಂದು ಗುರುತು. ಇಂಥ ಗುರುತಿರೋ ಹತ್ತು ಹೆಂಗಸರನ್ನ ಇಪ್ಪತ್ತೈದು ವರ್ಷ ನೋಡಿದ್ರೆ, ಮೂರು ಜನರಿಗೆ ಹತ್ತಿರಹತ್ತಿರ ರೋಗ ಬಂದಿರುತ್ತೆ, ಏಳು ಜನರಿಗೆ ಬಂದಿರಲ್ಲ. ಗುರುತಿಲ್ಲದವರಿಗಿಂತ ಜಾಸ್ತಿ, ಅದಕ್ಕೇ ಕಣ್ಣಿಟ್ಟಿರಬೇಕು. ವರ್ಷವರ್ಷ ಪರೀಕ್ಷೆ ಮಾಡಿಸಿದ್ರೆ, ಬಂದರೂ ಸಣ್ಣದಿರುವಾಗಲೇ ಸಿಗುತ್ತೆ. ಅವರ ಮಗಳೂ ತನ್ನ ಡಾಕ್ಟರಿಗೆ ಈ ವಿಷಯ ಹೇಳಬೇಕು."

"ಇಷ್ಟು ವರ್ಷ ನಾನು ಕಣ್ಣು ಮುಚ್ಚಿಸಿದೆನಲ್ಲ."

"ಹೂಂ," ಎಂದಳು ಸಣ್ಣ ಡಾಕ್ಟರು. ಇಲ್ಲ ಬಿಡಿ, ಪರವಾಗಿಲ್ಲ ಎಂದು ಅವಳು ಅನ್ನದೇ ಇದ್ದದ್ದು ಒಳ್ಳೆಯದೇ ಆಯಿತು. "ನಾಳೆ ಬೆಳಿಗ್ಗೆ ಆಸ್ಪತ್ರೆಯಿಂದ ತಿದ್ದಿದ ರಿಪೋರ್ಟು ಹೋಗುತ್ತೆ ಅವರಿಗೆ. ಮೊಹರು ಹಾಕಿದ ಲಕೋಟೆ ನೋಡಿದ್ರೆ ಯಾರಿಗಾದ್ರೂ ಎದೆ ಧಸಕ್ಕನ್ನುತ್ತೆ. ಅದಕ್ಕಿಂತ ಮುಂಚೆ ನಿಮ್ಮಿಂದ ತಿಳಿದ್ರೆ ಚೆನ್ನ. ಫೋನ್ ಮಾಡಿಬಿಡಿ."

"ಫೋನಲ್ಲಿ ಆಗಲ್ಲ. ಬರೀತೀನಿ. ಅವಳು ಅದಕ್ಕೇ ಓದಿಸಿದ್ದು ನನ್ನ."

ನಾಲ್ಕು ಗಂಟೆಗೆ ಹೊಸ ಬಗೆಯ ಬಣ್ಣ ಹಾಕಿದ ಸ್ಲೈಡೂ ಬಂತು. ಅದರಲ್ಲಿ ಬೆಳೆಯುತ್ತಿರುವ ಜೀವಕೋಶಗಳಷ್ಟೇ ಕಂದು ಬಣ್ಣ ಹಿಡಿಯುತ್ತವಂತೆ. ಸಣ್ಣ ಡಾಕ್ಟರು ಎಣಿಸಿದಳು, ಅವಳೂ ಜೊತೆಗೆ ಎಣಿಸಿದಳು: ನೂರಕ್ಕೆ ಎರಡು, ಕೆಲವು ಕಡೆ ಮೂರು. ಉಳಿದವೆಲ್ಲ ತಣ್ಣಗೆ ನೀಲಿಯಾಗಿದ್ದವು. "ಆಗ ಬೆಳವಣಿಗೆ ನಿಧಾನವಾಗೇ ಇತ್ತು. ಆದರೆ ಈ ಒಂದು ಬಣ್ಣ ನಂಬಿ ಭವಿಷ್ಯ ಹೇಳೋಕೆ ನಾನು ಜೋಯಿಸಳಲ್ಲ. ಎಷ್ಟು ನಂಬಬಹುದು ಅಂತ ತಿಳಿಯೋಕೇ ಈ ಇನ್ನೂರ ಹತ್ತು. ಅದರಲ್ಲಿ ನಿಮ್ಮಕ್ಕನೂ ಒಬ್ಬರು." ಆ ಎರಡು ಮೂರು ಕಂದು ಚುಕ್ಕೆಗಳನ್ನು ಅವಳು ಬಹಳ ಹೊತ್ತು ನೋಡಿದಳು. ಹದಿನಾಲ್ಕು ವರ್ಷ ಅದು ಅವಳ ಮನಸ್ಸಿನಲ್ಲಿ ಹೆಸರಿಲ್ಲದ್ದಾಗಿ, ರೂಪವಿಲ್ಲದ್ದಾಗಿ, ಒಂದು ಕೋಣೆಯಷ್ಟು ಬೆಳೆದಿತ್ತು. ಇಲ್ಲಿ ನೋಡಿದರೆ ಎಣಿಸಬಹುದಾದಷ್ಟು. ಎಣಿಸಬಹುದಾದದ್ದನ್ನು ಎದುರಿಸಬಹುದು.

ಹೊರಗೆ ಬಂದಾಗ ಮೈಕು ಕೈಯಲ್ಲಿ ತಟ್ಟೆಯಿಲ್ಲದಿದ್ದರೂ ತಟ್ಟೆ ಹಿಡಿದವನ ಹಾಗೆಯೇ ನಿಂತಿದ್ದ. "ಅಲ್ಲಾ ತೇಲ..." ಎಂದವನು ನುಂಗಿಕೊಂಡ. "ಅಲ್ಲಾ ಅಮ್ಮಾ, ಒಂದು ಮಾತು ಹೇಳಬಾರದಿತ್ತಾ? ಹದಿನಾಲ್ಕು ವರ್ಷ ನಾನು..."

"ನಾನು ಹೇಳಿದ್ರೆ ನೀವು ಕೇಳಿಸ್ಕೊಳ್ತಿದ್ರಾ? ನಿಮ್ಮ ದನಿ ನಿಂತರೆ ತಾನೆ ಇನ್ನೊಬ್ಬರದು ಕೇಳೋದು."

ಅವನು ತಲೆ ಕೆರೆದುಕೊಂಡ. ಅವಳಿಗೆ ಅವನ ಮೇಲೆ ಸಿಟ್ಟೂ ಇರಲಿಲ್ಲ. ಹೆಸರು ಇಟ್ಟವನು ಅವನಾದರೂ ಅದಕ್ಕೆ ಓಗೊಟ್ಟವಳು ತಾನು. "ಒಂದು ಬಿಳಿ ಹಾಳೆ ಕೊಡಿ," ಎಂದಳು. "ಗೆರೆ ಇಲ್ಲದ್ದಾದರೂ ಸರಿ. ಸಾಲು ನೆಟ್ಟಗೆ ಬರುತ್ತೆ ನಂಗೆ."

ಯಂತ್ರದ ಪಕ್ಕದ ಮೇಜಿನಲ್ಲೇ ಕೂತು ಬರೆದಳು. ತಾರೀಖು ಹಾಕಲಿಲ್ಲ. ಕ್ಷೇಮ ಕೇಳಲಿಲ್ಲ. ಮೇಷ್ಟರು ಎಲ್ಲ ಅಂಕ ಕಳೆದರೂ ಕಳೆಯಲಿ.

"ಅಕ್ಕಾ, ನಿಂತುಕೊಂಡು ಓದಬೇಡ, ಕೂತುಕೋ. ಹದಿನಾಲ್ಕು ವರ್ಷದ ಹಿಂದೆ ನಿನ್ನ ಗಂಟನ್ನು ನಾನೇ ಕೊಯ್ದೆ. ಗಂಟಿನಲ್ಲಿ ಏನೂ ಇರಲಿಲ್ಲ, ಆದರೆ ಅದರ ಮೂಲೆಯಲ್ಲಿ ಕೆಲವು ಜೀವಕೋಶ ಹದ ತಪ್ಪಿದ್ದವು. ಡಾಕ್ಟರು ಅದು ಬೇರೆಯವರದು, ನನ್ನ ನೀರಿನಲ್ಲಿ ತೇಲಿ ಬಂತು ಅಂದರು. ಅಲ್ಲ ಅಂತ ನನಗೆ ಗೊತ್ತಿತ್ತು. ಹೌದು ಅಂದೆ. ಅದಕ್ಕೇ ನನ್ನನ್ನು ಗಾಜು ತೊಳೆಯಲು ಹಾಕಿದ್ದು, ನನಗೆ ಓದು ಹತ್ತದೆ ಅಲ್ಲ. ನಿನ್ನ ಬೀರುವಿನಲ್ಲಿರುವ ರಿಪೋರ್ಟು ತಪ್ಪು. ಅದನ್ನು ತಪ್ಪು ಮಾಡಿಸಿದವಳು ನಾನು. ನಿನಗೆ ರೋಗ ಬಂದಿದೆ ಅಂತ ಅಲ್ಲ. ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಬಾರದೆ ಇರುವ ಸಾಧ್ಯತೆ ಅದಕ್ಕಿಂತಲೂ ಹೆಚ್ಚು. ಹತ್ತು ಜನರಲ್ಲಿ ಏಳು ಜನರಿಗೆ ಬರುವುದಿಲ್ಲವಂತೆ. ನೀನು ಆ ಏಳರಲ್ಲಿ ಇದ್ದೀಯ ಎಂದು ನಾನು ಬರೆಯುವುದಿಲ್ಲ, ಇನ್ನು ಮೇಲೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವುದಿಲ್ಲ. ಅದಕ್ಕೇ ಪರೀಕ್ಷೆ ಆಗಬೇಕು. ಸೋಮವಾರ ಬಾ. ನೀನು ಬರದಿದ್ದರೆ ನಾನೇ ಬಂದು ಎಳೆದುಕೊಂಡು ಬರುತ್ತೇನೆ, ನಿನ್ನ ಮಗಳನ್ನೂ. ಬೈಯುವುದನ್ನೆಲ್ಲ ಕೂಡಿಟ್ಟುಕೊಂಡು ಬಾ. ಪೂರ್ತಿ ಕೇಳುತ್ತೇನೆ, ನಗುವುದಿಲ್ಲ. ಇನ್ನೊಂದು ಮಾತು. ಇವತ್ತು ಮತ್ತೆ ಯಂತ್ರದ ಮುಂದೆ ಕೂತೆ. ನಿನ್ನ ತಂಗಿಯ ಕೈ ಕೆಟ್ಟಿಲ್ಲ."

ಓದಿ ನೋಡಲಿಲ್ಲ. ಓದಿದರೆ ತಿದ್ದುತ್ತಾಳೆ, ತಿದ್ದಿದರೆ ಹರಿಯುತ್ತಾಳೆ. ಲಕೋಟೆ ಅಂಟಿಸಿ, ವಿಳಾಸ ಬರೆದು, 'ಇಂದ' ಎಂಬ ಕಡೆ ತನ್ನ ಪೂರ್ತಿ ಹೆಸರು ಬರೆದಳು. ನಾಳೆಯಿಂದ ನೀವೇ ಕೊಯ್ಯಬೇಕು ಎಂದು ಸಣ್ಣ ಡಾಕ್ಟರು ಹಿಂದಿನಿಂದ ಕೂಗಿದ್ದಕ್ಕೆ "ಇನ್ನೂರ ಮೂರು ಇದೆ, ಗೊತ್ತು!" ಎಂದು ಮೆಟ್ಟಿಲ ಮೇಲಿಂದಲೇ ಕೂಗಿದಳು. ತನ್ನ ದನಿ ಇಷ್ಟು ದೊಡ್ಡದಿದೆಯೇ ಎಂದು ತಾನೇ ಬೆಚ್ಚಿದಳು. ಸಂಜೆಯ ಬೀದಿ ಬೆಳಗಿನ ಬೀದಿಯ ಹಾಗೆಯೇ ಇತ್ತು, ಬೀಗದ ಅಂಗಡಿ, ಔಷಧಿಯಂಗಡಿ, ಸೈಕಲ್ಲಿಗೆ ಗಾಳಿ ತುಂಬುವವನು. ಎದುರಿಗೆ ಬರುತ್ತಿದ್ದ ಹೆಂಗಸರನ್ನೆಲ್ಲ, ಚೀಲ ಹೊತ್ತವರು, ಮಗು ಎತ್ತಿಕೊಂಡವರು, ಯಾರೊಡನೆಯೋ ಜಗಳವಾಡುತ್ತ ನಡೆಯುವವರು, ಅವಳು ಹಿಂದೆಂದೂ ನೋಡದ ಹಾಗೆ ನೋಡಿದಳು. ಒಬ್ಬೊಬ್ಬರ ಒಳಗೂ ಗುಲಾಬಿಯ ಬಯಲು, ನೀಲಿ ಚುಕ್ಕೆಯ ಸಾಲು.

ಅಂಚೆ ಕಚೇರಿಯ ಮುಂದೆ ಅಂಚೆಯವನು ಪೆಟ್ಟಿಗೆ ಬರಿದು ಮಾಡಿ ಮುಗಿಸಿದ್ದ. ಚೀಲದ ಬಾಯಿ ಕಟ್ಟಿ, ಗಂಟು ಬಿಗಿದು, ಗಾಡಿಗೆ ಎತ್ತಲು ಬಗ್ಗಿದ್ದ. ಅವಳು ಓಡಿದಳು. ಐವತ್ತೊಂಬತ್ತು ವರ್ಷದ ಮಂಡಿಗಳು ಏನೆಂದುಕೊಂಡವೋ, ಓಡಿದಳು.

"ನಿಲ್ಲಿ! ಇದೊಂದು!"

"ಪೆಟ್ಟಿಗೆಗೆ ಹಾಕಿ ಅಮ್ಮ, ನಾಳೆ ಹೋಗುತ್ತೆ."

"ಇವತ್ತೇ ಹೋಗಬೇಕು."

"ಅಷ್ಟು ಅರ್ಜೆಂಟಾ?"

"ಹದಿನಾಲ್ಕು ವರ್ಷ ತಡವಾಗಿದೆ."

ಅಂಚೆಯವನು ನಕ್ಕ. "ಹದಿನಾಲ್ಕು ವರ್ಷ ಕಾದದ್ದು ಒಂದು ರಾತ್ರಿ ಕಾಯೋಕಾಗಲ್ವಾ?"

"ಆಗಲ್ಲ," ಎಂದಳು. ಏದುಸಿರು ಬರುತ್ತಿತ್ತು, ಆದರೆ ಮಾತು ಒಂದೂ ನಡುಗಲಿಲ್ಲ. "ಬಿಚ್ಚಿ."

ಅವನು ಅವಳ ಮುಖ ನೋಡಿದ. ಗೊಣಗುತ್ತ ಕೂತು, ಹಲ್ಲಿನಿಂದ ಗಂಟು ಸಡಿಲಿಸಿ ಚೀಲದ ಬಾಯಿ ತೆರೆದು ಹಿಡಿದ. ಅವಳು ಲಕೋಟೆಯನ್ನು ಅವನ ಕೈಗೆ ಕೊಡಲಿಲ್ಲ. ತೋಳನ್ನು ಮೊಣಕೈವರೆಗೆ ಒಳಗಿಳಿಸಿ, ನೂರಾರು ಕಾಗದಗಳ ನಡುವೆ, ತಾನೇ ಹುಡುಕಿದರೂ ಮತ್ತೆ ಸಿಗದಷ್ಟು ಆಳಕ್ಕೆ ಅದನ್ನು ತುರುಕಿ, ಕೈ ಖಾಲಿ ಮಾಡಿಕೊಂಡು ಎದ್ದಳು.

"ಈಗ ಕಟ್ಟಿ," ಎಂದಳು.